ಎರಡು ಟಿಕೆಟ್, ಒಂದು ತಲೆ

ಹೋದ ಭಾನುವಾರ ಹಾಸನದಲ್ಲಿ ಹೊಸ ಸಿನಿಮಾ ನೋಡಲು ಕೂತಿದ್ದಾಗ ಹಿಂದಿನ ಸಾಲಿನಿಂದ ನೋವಿನ ಮುಲಾಮಿನ ವಾಸನೆ ಬಂತು. ಪಾಪ್‌ಕಾರ್ನಿನ ಬೆಣ್ಣೆ, ಯಾರೋ ಹುಡುಗರು ಮೈತುಂಬ ಹೊಡೆದುಕೊಂಡು ಬಂದಿದ್ದ ಸೆಂಟು, ಎ.ಸಿ.ಯ ತಣ್ಣನೆ ಗಾಳಿ... ಇಷ್ಟನ್ನೆಲ್ಲ ದಾಟಿಕೊಂಡು ಅದೊಂದು ವಾಸನೆ ನನ್ನ ಮೂಗನ್ನೇ ಹುಡುಕಿಕೊಂಡು ಬಂದಂತಿತ್ತು. ತಕ್ಷಣ ನೆಟ್ಟಗೆ ಕೂತೆ. ಯಾರೋ ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಪಕ್ಕದಲ್ಲಿ ಹೆಂಡತಿಯೂ ಒಮ್ಮೆ ಮೂಗರಳಿಸಿದಳು. ಇಬ್ಬರಿಗೂ ಗೊತ್ತಿತ್ತು, ಅದು ಮಾವನ ಮೊಣಕಾಲಿನ ವಾಸನೆ.

ಮಾವ ಅಂದರೆ ಇವಳ ತಂದೆ, ಅರಕಲಗೂಡಿನವರು. ಅನುಮಾನದ ವಿಷಯದಲ್ಲಿ ನಾನೇನೂ ಕಮ್ಮಿಯವನಲ್ಲ. ಹಾಲಿನವನು ನಗುನಗುತ್ತಾ ಹಾಲು ಅಳೆದರೆ ಇವತ್ತು ನೀರು ಜಾಸ್ತಿ ಅಂದುಕೊಳ್ಳುವ ಜಾಯಮಾನ ನನ್ನದು. ಆದರೆ ಮಾವನ ಮುಂದೆ ನನ್ನದು ಇನ್ನೂ ಎಳಸು. ಅವರಿಗೆ ಅನುಮಾನಪಡುವುದಕ್ಕೇ ಸಂಬಳ ಬರುತ್ತಿತ್ತು.

ಸಿನಿಮಾ ರೀಲುಗಳು ಡಬ್ಬದಲ್ಲಿ ಊರೂರಿಗೆ ಹೋಗುತ್ತಿದ್ದ ಕಾಲದಲ್ಲಿ ಹಂಚಿಕೆದಾರರು ಪ್ರತಿ ಸಿನಿಮಾದ ಜೊತೆಗೂ ತಮ್ಮ ಕಡೆಯ ಒಬ್ಬ ಮನುಷ್ಯನನ್ನು ಥಿಯೇಟರಿಗೆ ಕಳಿಸುತ್ತಿದ್ದರು. ರೆಪ್ರೆಸೆಂಟೇಟಿವ್ ಅನ್ನುವುದು ಜನರ ಬಾಯಲ್ಲಿ ಸವೆದು ರೆಪ್ಪು ಆಗಿತ್ತು. ಗೇಟಿನಲ್ಲಿ ಹರಿದ ಟಿಕೆಟ್ಟಿಗೂ ಒಳಗೆ ಕೂತ ತಲೆಗಳಿಗೂ ತಾಳೆಯಾಗುತ್ತದೋ ಇಲ್ಲವೋ ನೋಡುವುದು ರೆಪ್ಪಿನ ಕೆಲಸ. ಮಾಲೀಕರ ನೆಂಟರು, ಗೇಟಿನವನ ಸ್ನೇಹಿತರು ಟಿಕೆಟ್ಟಿಲ್ಲದೆ ನುಸುಳಿ ಕೂತಿದ್ದರೆ ಎಬ್ಬಿಸಬೇಕು. ಹಾಗಾಗಿ ಮಾವ ಥಿಯೇಟರಿನಲ್ಲೇ ಜೀವ ಸವೆಸಿದರೂ ಸಿನಿಮಾ ನೋಡಿದವರಲ್ಲ. ಹೊರಗೆ ಹೋಗುವ ಬಾಗಿಲ ಪಕ್ಕದ ಗೋಡೆಗೆ ಒರಗಿ, ಪರದೆಗೆ ಬೆನ್ನು ಹಾಕಿ ನಿಂತು, ಜನರನ್ನು ನೋಡುತ್ತಿದ್ದರು. ಸಿನಿಮಾವನ್ನು ಬರೀ ಕೇಳುತ್ತಿದ್ದರು. ಹೆಂಡತಿ ಮಗಳು ಬಂದರೂ ಟಿಕೆಟ್ ತೆಗೆಸದೆ ಒಳಗೆ ಬಿಟ್ಟವರಲ್ಲವಂತೆ. ರೀಲು ಹೋಗಿ, ಸಿನಿಮಾ ಸ್ಯಾಟಲೈಟಿನ ಮೂಲಕ ಆಕಾಶದಿಂದಲೇ ಥಿಯೇಟರಿಗೆ ಇಳಿಯತೊಡಗಿದ ಮೇಲೆ ರೆಪ್ಪುಗಳಿಗೆ ಕೆಲಸವಿಲ್ಲದೆ ಹೋಯಿತು. ಮಾವ ಮನೆಗೆ ಬಂದು ಕೂತರು. ಅನುಮಾನ ಮಾತ್ರ ರಿಟೈರಾಗಲಿಲ್ಲ.

ನಾನು ಹೇಳಹೊರಟಿರುವುದು ನಮ್ಮ ಮದುವೆಯಾದ ಮೊದಲ ಆಷಾಢದ ಮಾತು. ನಮ್ಮ ಕಡೆ ಹೊಸ ಸೊಸೆ ಆ ತಿಂಗಳು ಗಂಡನ ಮನೆಯಲ್ಲಿ ಇರುವಂತಿಲ್ಲ, ತವರಿಗೆ ಹೋಗಬೇಕು. ಅಳಿಯ ಅತ್ತೆಯ ಮನೆ ಹೊಸಿಲು ತುಳಿಯುವಂತಿಲ್ಲ. ಇವಳು ಅರಕಲಗೂಡಿಗೆ ಹೋದಳು, ನಾನು ಹಾಸನದ ಬಾಡಿಗೆ ಮನೆಯಲ್ಲಿ ಒಂಟಿಯಾದೆ. ಇಬ್ಬರಿಗೂ ಸಿನಿಮಾ ಹುಚ್ಚು ಬೇರೆ. ಹೆಣ್ಣು ನೋಡಲು ಹೋದಾಗ ನಾನು ಕೇಳಿದ ಪ್ರಶ್ನೆಯೇ, "ಕ್ಲೈಮ್ಯಾಕ್ಸ್ ಮುಗಿಯೋಕ್ ಮುಂಚೆ ಎದ್ದೋಗೋ ಅಭ್ಯಾಸ ಇದ್ಯಾ?" ಅಂತ. ಅವಳು ತಲೆ ಬಗ್ಗಿಸಿಕೊಂಡೇ, "ಹೆಸರು ಬಂದು ಮುಗಿಯೋವರೆಗೂ ಏಳಲ್ಲ" ಅಂದಿದ್ದಳು. ಅಲ್ಲಿಗೆ ಮದುವೆ ಗಟ್ಟಿಯಾಗಿತ್ತು.

ಆಗ ನಾನು ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಏಜೆನ್ಸಿಯಲ್ಲಿದ್ದೆ. ಬೈಕು ಹತ್ತಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಗಳನ್ನು ಸುತ್ತುವುದು ಕೆಲಸ. ಮಧ್ಯಾಹ್ನ ಅಂಗಡಿಯವರು ಊಟಕ್ಕೆ ಬಾಗಿಲು ಎಳೆದರೆ ನನಗೆ ಮ್ಯಾಟಿನಿ. ಅರಕಲಗೂಡಿಗೆ ಹೋದ ದಿನ ಮಾವನ ಬೀದಿಯ ತಿರುವಿನಲ್ಲಿ ಬೈಕು ತಾನಾಗಿ ನಿಧಾನವಾಗುತ್ತಿತ್ತು, ಅಷ್ಟೇ. ಅವಳನ್ನೇ ಥಿಯೇಟರಿಗೆ ಕರೆಯೋಣವೆಂದರೆ ಆ ಊರಿನಲ್ಲಿ ಗೇಟಿನವನಿಂದ ಹಿಡಿದು ಸೋಡಾ ಮಾರುವವನವರೆಗೆ ಎಲ್ಲರಿಗೂ ಅವಳು ರೆಪ್ಪಿನ ಮಗಳು. ಫೋನಿನಲ್ಲಿ ಕೂಡ ಜಾಸ್ತಿ ಮಾತು ಬೇಡ ಅಂತ ಅತ್ತೆ ಕಟ್ಟುನಿಟ್ಟು ಮಾಡಿದ್ದರು.

ಅದಕ್ಕೆ ನಾವೊಂದು ಉಪಾಯ ಮಾಡಿದೆವು. ನಾನು ಸಿನಿಮಾ ಶುರುವಾಗುವಾಗ ಅವಳಿಗೆ ಫೋನ್ ಮಾಡಿ, ಪಕ್ಕದ ಸೀಟಿನಲ್ಲಿ ಕರ್ಚೀಫು ಹಾಸಿ ಫೋನನ್ನು ಅದರ ಮೇಲೆ ಇಡುವುದು. ಅವಳು ಅಲ್ಲಿ ಕಿವಿಗೆ ವೈರು ಸಿಕ್ಕಿಸಿ, ಮೇಲೆ ಸೆರಗು ಎಳೆದುಕೊಂಡು, ಸೊಪ್ಪು ಸೋಸುತ್ತಲೋ ಅಕ್ಕಿ ಆರಿಸುತ್ತಲೋ ಸಿನಿಮಾ ಕೇಳುವುದು. ಸಂಜೆ ಮನೆಯಲ್ಲಿ ಟಿ.ವಿ. ಮುಂದೆ ಕೂತರೂ ಅದೇ ಕತೆ, ಇಲ್ಲೂ ಅಲ್ಲೂ ಒಂದೇ ಚಾನೆಲ್. ಮೊದಲ ದಿನ ಥಿಯೇಟರಿನಿಂದ ಫೋನ್ ಮಾಡಿದಾಗ ಅವಳು ಕೇಳಿದ್ದು, "ನಂಗೆ ಟಿಕೆಟ್ ತಗೊಂಡ್ರಾ?" ಅಂತ. ನಾನು ನಕ್ಕುಬಿಟ್ಟೆ.

"ನಗಬೇಡಿ. ಟಿಕೆಟ್ ಇಲ್ದೆ ಸಿನಿಮಾ ಕೇಳಿದ್ರೂ ನಮ್ಮಪ್ಪಂಗೆ ಗೊತ್ತಾಗುತ್ತೆ. ತಗೊಂಡ್ ಬಂದು ಆಮೇಲೆ ಫೋನ್ ಮಾಡಿ" ಅಂದು ಇಟ್ಟೇಬಿಟ್ಟಳು. ಎದ್ದು ಹೋಗಿ ಇನ್ನೊಂದು ಟಿಕೆಟ್ ತಂದೆ. ಅವತ್ತಿನಿಂದ ಯಾವ ಊರಿನ ಯಾವ ಥಿಯೇಟರಿಗೆ ಹೋದರೂ ಎರಡು ಟಿಕೆಟ್. ರೆಪ್ಪಿನ ಮಗಳನ್ನು ಕಟ್ಟಿಕೊಂಡ ಮೇಲೆ ಇನ್ನೇನು ಮಾಡುವುದು...

ಆಷಾಢ ಅರ್ಧ ಕಳೆದಿರಬೇಕು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮಾವ. ಕೈಯಲ್ಲೊಂದು ಚೀಲ, ಮೈಯಿಂದ ಮುಲಾಮಿನ ವಾಸನೆ.

"ಕಣ್ಣಿನ್ ಡಾಕ್ಟ್ರತ್ರ ಬಂದಿದ್ದೆ ಅಳಿಯಂದ್ರೇ. ಅಂಗೇ ನಿಮ್ಮುನ್ನೂ ನೋಡ್ಕಂಡ್ ಓಗಾನ ಅಂತ."

ಕಣ್ಣಿಗೆ ಏನಾಗಿದೆ ಅಂತ ಕೇಳಿದರೆ ಸರಿಯಾದ ಉತ್ತರವಿಲ್ಲ. ಆದರೆ ಅದೇ ಕಣ್ಣು ನಮ್ಮ ಮನೆಯೊಳಗೆ ಎಲ್ಲೆಲ್ಲಿ ಹರಿದಾಡಿತು ಅಂತ ನಾನು ನೋಡಿದೆ. ಸಿಂಕಿನಲ್ಲಿ ಎರಡು ಕಾಫಿ ಲೋಟ ಇದ್ದವು, ಎರಡೂ ನಾನೇ ಕುಡಿದು ಬಿಟ್ಟಿದ್ದು. ಮಾವ ಅವನ್ನು ಬಗ್ಗಿ ನೋಡಿದರು. ಕಿಟಕಿಯ ಕಟ್ಟೆಯ ಮೇಲೆ ಇವಳ ಹೇರ್‌ಪಿನ್ನು ಬಿದ್ದಿತ್ತು. ಅದನ್ನು ಎತ್ತಿ, ತಿರುಗಿಸಿ ನೋಡಿ, ಇದ್ದಲ್ಲೇ ಇಟ್ಟರು. ಸಂಜೆ ಟಿ.ವಿ.ಯಲ್ಲಿ ಸಿನಿಮಾ ಹಾಕಿದರೆ ಕುರ್ಚಿಯನ್ನು ಓರೆ ಮಾಡಿಕೊಂಡು ಕೂತರು. ಓರೆಯಾದದ್ದು ಟಿ.ವಿ. ಕಡೆಗಲ್ಲ, ನನ್ನ ಕಡೆಗೆ. ನಾನು ನಕ್ಕರೆ ನನ್ನ ನಗು ನೋಡುತ್ತಾರೆ, ಫೋನು ಗುಂಯ್‌ಗುಟ್ಟಿದರೆ ಫೋನು ನೋಡುತ್ತಾರೆ. ಅವತ್ತು ಇವಳ ಫೋನನ್ನು ಎತ್ತಲೇ ಇಲ್ಲ. ಮಾವನ ಎದುರಿಗೆ ಎತ್ತಿ ಏನು ಮಾತಾಡುವುದು? ಎತ್ತದೆ ಇದ್ದದ್ದಕ್ಕೆ ಅವರ ಹುಬ್ಬು ಇನ್ನಷ್ಟು ಮೇಲೇರಿತು.

ಮಾರನೇ ದಿನ ಬಚ್ಚಲಿಗೆ ಹೋಗಿ ಗುಟ್ಟಾಗಿ ಅವಳಿಗೆ ಫೋನ್ ಮಾಡಿದೆ.

"ಅಪ್ಪ ಅಲ್ಲಿದಾರಾ? ನಮಗೆ ದೊಡ್ಡಪ್ಪನ ಮನೆಗೆ ಹೋಗ್ತೀನಿ ಅಂದಿದ್ರಲ್ಲ!" ಅಂದಳು.

ಅಲ್ಲಿಗೆ ನನ್ನ ಅನುಮಾನಕ್ಕೆ ಪೂರ್ತಿ ರೆಕ್ಕೆ ಬಂತು. ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದಾರೆ, ಇಲ್ಲೂ ಸುಳ್ಳು ಹೇಳುತ್ತಿದ್ದಾರೆ. ಯಾಕೆ? ಚನ್ನರಾಯಪಟ್ಟಣಕ್ಕೆ ಹೊರಟರೆ "ನಾನೂ ಬತ್ತೀನಿ, ಮ್ಯಾಟಿನಿ ನೋಡಿ ಯಾ ಕಾಲಾಯ್ತು" ಅಂತ ಬೈಕಿನ ಹಿಂದೆ ಕೂತರು. ಅಲ್ಲಿ ನಾನು ಕೌಂಟರಿನಲ್ಲಿ ಟಿಕೆಟ್ ಕೊಳ್ಳುವಾಗ ಅವರು ಗೇಟಿನವನ ಹೆಗಲ ಮೇಲೆ ಕೈ ಹಾಕಿ ಪಿಸುಗುಟ್ಟುತ್ತಿದ್ದರು. ನಾನು ಹತ್ತಿರ ಹೋದ ಕೂಡಲೇ ಇಬ್ಬರೂ ಮಳೆಯ ವಿಷಯ ಎತ್ತಿದರು. ಸುತ್ತಲಿನ ಊರುಗಳ ಗೇಟಿನವರೆಲ್ಲ ಅವರಿಗೆ ಹಳೆಯ ಸ್ನೇಹಿತರು ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ಒಳಗೆ ಕೂತ ಮೇಲೆ ನಾನು ಸಿನಿಮಾ ನೋಡಿದೆ, ಅವರು ನನ್ನನ್ನು ನೋಡಿದರು.

ಹೊರಗೆ ಬಂದು ಟೀ ಕುಡಿಯುವಾಗ ಧೈರ್ಯ ಮಾಡಿ ಕೇಳಿದೆ. "ಶ್ರಾವಣ ಹುಟ್ಟಿದ ಮೇಲೆ ಯಾವತ್ತು ಬರಲಿ ಮಾವ, ಕರ್ಕೊಂಡ್ ಹೋಗೋಕೆ?"

ಮಾವ ಲೋಟದಿಂದ ಕಣ್ಣು ಎತ್ತಲಿಲ್ಲ. "ನೋಡಾನ ಇರಿ. ಏನ್ ಅವಸ್ರ" ಅಂದರು.

ಮಗಳನ್ನು ಕಳಿಸುವ ದಿನವನ್ನು ನೋಡೋಣ ಅನ್ನುವ ಮಾವ ಯಾವ ಊರಿನಲ್ಲಿದ್ದಾರೆ? ಅವತ್ತಿಂದ ನನಗೆ ಎಲ್ಲರ ಮೇಲೂ ಗುಮಾನಿ. ಎದುರುಮನೆಯವರು ಏನಾದರೂ ಚಾಡಿ ಹೇಳಿದರೇ? ನಮ್ಮ ಅಮ್ಮ ಏನಾದರೂ ಅಂದುಬಿಟ್ಟರೇ? ಕೊನೆಗೆ ಇವಳ ಮೇಲೂ ಬಂತು. ಇವಳಿಗೇ ವಾಪಸು ಬರಲು ಮನಸ್ಸಿಲ್ಲವೇನೋ, ಅಪ್ಪನ ಕೈಲಿ ಹೇಳಿಸುತ್ತಿದ್ದಾಳೇನೋ... ಅವಳಿಗೆ ಹೇಳಿದರೆ, "ಅಪ್ಪ ಹಾಗ್ಯಾಕೆ ಅಂದ್ರು? ಅಮ್ಮನೂ ಎರಡು ದಿನದಿಂದ ಮುಖ ಕೊಟ್ಟು ಮಾತಾಡ್ತಿಲ್ಲ" ಅಂದು ಅವಳೂ ಹೆದರಿದಳು. ಅವಳು ಬಾರದೆ ಹೋದರೆ ಅನ್ನುವ ಯೋಚನೆಯೇ ಆ ಮನೆಯನ್ನು ಇನ್ನಷ್ಟು ಖಾಲಿ ಮಾಡಿತು.

ಮುಂದಿನ ವಾರ ಮಾವ ಅರಕಲಗೂಡಿಗೆ ಹೋಗುತ್ತೇನೆಂದು ಬಸ್ ಹತ್ತಿದರು. ನಾನೇ ಸೀಟು ಹಿಡಿದು ಕೂರಿಸಿ ಬಂದೆ. ಆಮೇಲೆ ಹೊಳೆನರಸೀಪುರಕ್ಕೆ ಹೋಗಿ, ಅಂಗಡಿ ಕೆಲಸ ಮುಗಿಸಿ, ಮ್ಯಾಟಿನಿಗೆ ಎರಡು ಟಿಕೆಟ್ ತೆಗೆದುಕೊಂಡೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಅಲ್ಲೊಬ್ಬರು ಇಲ್ಲೊಬ್ಬರು. ಕರ್ಚೀಫು ಹಾಸಿದೆ, ಅವಳಿಗೆ ಫೋನ್ ಮಾಡಿ ಸೀಟಿನ ಮೇಲಿಟ್ಟೆ, ಅವಳ ಟಿಕೆಟ್ಟನ್ನು ಅದರ ಕೆಳಗೆ ಸಿಕ್ಕಿಸಿದೆ. ಆ ಬೇಸರದ ದಿನಗಳಲ್ಲಿ ನಮಗೆ ಉಳಿದಿದ್ದ ಸುಖ ಅದೊಂದೇ.

ಮೊದಲ ಹಾಡು ಮುಗಿಯುವ ಹೊತ್ತಿಗೆ ವಾಸನೆ ಬಂತು. ಮುಲಾಮು. ಪಕ್ಕಕ್ಕೆ ತಿರುಗಿ ನೋಡಿದರೆ ಬಾಗಿಲ ಪಕ್ಕದ ಗೋಡೆಗೆ ಒರಗಿ, ಪರದೆಗೆ ಬೆನ್ನು ಹಾಕಿ ಒಂದು ಆಕೃತಿ ನಿಂತಿದೆ. ಹತ್ತಿದ ಬಸ್ಸು ಇಳಿದು, ಬೆಳಿಗ್ಗೆ ನಾನು ಬಾಯಿಬಿಟ್ಟಿದ್ದ ಊರಿಗೇ ಬಂದಿದ್ದರು. ಆಕೃತಿ ಕುಂಟುತ್ತ ನಮ್ಮ ಸಾಲಿಗೇ ಬಂತು. ಖಾಲಿ ಸೀಟಿಗೆ ಕೈ ಹಾಕಿತು, ಫೋನನ್ನು ಎತ್ತಿ ಕಿವಿಗೆ ಹಿಡಿಯಿತು.

ಪರದೆಯ ಬೆಳಕಿನಲ್ಲಿ ನಾನು ಅವರ ಮುಖ ನೋಡುತ್ತಿದ್ದೆ. ಮೊದಲು ಗಂಟಿಕ್ಕಿದ ಹುಬ್ಬು. ಆಮೇಲೆ ಹುಬ್ಬು ಸಡಿಲವಾಯಿತು, ಬಾಯಿ ಸ್ವಲ್ಪ ತೆರೆಯಿತು. ಕುಕ್ಕರು ಕೂಗಿದ್ದು ನನಗೂ ಸಣ್ಣಗೆ ಕೇಳಿಸಿತು. ಅದರ ಹಿಂದೆಯೇ ಅತ್ತೆಯ ಗಂಟಲು: "ಅದೇನ್ ಕಿವೀಗ್ ಹಾಕ್ಕಂಡ್ ಕೂತಿದ್ದೀಯೇ, ಹಾಲ್ ಉಕ್ತಾ ಅದೆ!" ಮಾವ ತಮ್ಮ ಮನೆಯ ಅಡುಗೆಕೋಣೆಯನ್ನು ಹೊಳೆನರಸೀಪುರದ ಥಿಯೇಟರಿನಲ್ಲಿ ನಿಂತು ಕೇಳುತ್ತಿದ್ದರು. ಆಮೇಲೆ ಇವಳ ದನಿ ಬಂದಿರಬೇಕು. ಸಿನಿಮಾದ ಸದ್ದು ಯಾಕೆ ಕಮ್ಮಿಯಾಯಿತು, ಯಾರಾದರೂ ಬಂದರಾ ಅಂತ ಕೇಳಿದಳಂತೆ.

ಮಾವ ಫೋನನ್ನು ಮೆಲ್ಲಗೆ ಕರ್ಚೀಫಿನ ಮೇಲೆ ಇಟ್ಟರು. ಸದ್ದು ಚೆನ್ನಾಗಿ ಕೇಳಲಿ ಅಂತ ಅದರ ಬಾಯಿಯನ್ನು ಪರದೆಯ ಕಡೆ ತಿರುಗಿಸಿದರು. ಕೆಳಗಿದ್ದ ಟಿಕೆಟ್ಟನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿದರು. ಆಮೇಲೆ ಅದರಾಚೆಯ ಸೀಟಿನಲ್ಲಿ ಕೂತು ಸಿನಿಮಾ ನೋಡಿದರು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ಹೆಸರೆಲ್ಲ ಬಂದು ಮುಗಿದ ಮೇಲೆ ಹೊರಗೆ ಬಂದೆವು. ಮಾವ ಮಳೆಯ ಕಡೆ ಮುಖ ಮಾಡಿ ನಿಂತರು.

"ಆಸನದ್ ಟಾಕೀಸಿನ್ ಗೇಟ್ನೋನು ಏಳ್ದ, ನಿಮ್ಮಳಿಯ ಯಾವಾಗ್ಲೂ ಎರಡ್ ಟಿಕೆಟ್ ಅರಿಸ್ಕಂಡ್ ಒಳಿಕ್ ಓಯ್ತರೆ ಅಂತ. ಚನ್ರಾಯ್ಪಟ್ಣದೋನೂ ಅಂಗೇ ಅಂದ. ಎಡ್ತಿ ತವರಲ್ಲವ್ಳೆ, ಇನ್ನೊಂದ್ ಟಿಕೆಟ್ ಯಾರ್ದು?" ಅಂದರು. ಅವರೇ ಮುಂದುವರಿಸಿದರು. "ಟಿಕೆಟ್ ಕಮ್ಮಿ, ತಲೆ ಜಾಸ್ತಿ... ಇಂಥ ಕಳ್ತನವ ಜೀವ್ಮಾನೆಲ್ಲ ಇಡ್ದಿದೀನಿ ಅಳಿಯಂದ್ರೇ. ಟಿಕೆಟ್ ಎರಡು, ತಲೆ ಒಂದು. ಇದ ನೋಡಿರ್ನಿಲ್ಲ."

"ಟಿಕೆಟ್ ಇಲ್ದೆ ಕೇಳಲ್ಲ ಅಂದ್ಲು ಮಾವ" ಅಂದೆ.

ಅದಕ್ಕೆ ಮಾವ ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಹೆಗಲ ಮೇಲಿನ ಟವೆಲು ಎಳೆದು ಮೂಗು ಒರೆಸಿಕೊಂಡರು. ಶ್ರಾವಣ ಹುಟ್ಟಿದ ಮೇಲೆ ನಾನು ಕರೆಯಲು ಹೋಗುವ ಮೊದಲೇ ಅವರೇ ಮಗಳನ್ನು ಕರೆತಂದು ಬಿಟ್ಟುಹೋದರು. ಆ ಅನುಮಾನವನ್ನು ಅವರ ಬಾಯಿಂದಲೇ ಕೇಳಿದ್ದ ಅತ್ತೆಗೆ ಏನು ಹೇಳಿ ಸಮಾಧಾನ ಮಾಡಿದರೋ, ನಾವು ಕೇಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ಮೊಣಕಾಲು ಪೂರ್ತಿ ಕೈಕೊಟ್ಟು ಅವರು ಮಂಚ ಹಿಡಿದರು. ಆಗ ನಾವು ಥಿಯೇಟರಿಗೆ ಹೋದಾಗಲೆಲ್ಲ ಫೋನು ಅವರಿಗೆ. "ನನ್ ಟಿಕೆಟ್ ತಗಂಡ್ರಾ?" ಅನ್ನುವುದೇ ಮೊದಲ ಮಾತು. ತೆಗೆದುಕೊಂಡೆವು ಅಂದರೂ ನಂಬಿಕೆ ಇಲ್ಲ, ಮೂರೂ ಟಿಕೆಟ್ಟಿನ ಫೋಟೋ ಕಳಿಸಬೇಕು. ಜನ ನಗುವ ಸದ್ದು ಕೇಳಿ, ಇವತ್ತು ಥಿಯೇಟರು ಖಾಲಿ ಹೊಡೀತಾ ಅದೆ ಅನ್ನುವರು. ನಾನು ಅವರನ್ನು ಇಷ್ಟಪಟ್ಟಿದ್ದೆ. ಅವರ ಮುಂದೆ ಹೇಳಲಿಲ್ಲ. ಹೇಳಿದ್ದರೆ ಇವನಿಗೆ ಏನೋ ಬೇಕಾಗಿದೆ ಅಂದುಕೊಳ್ಳುತ್ತಿದ್ದರು...

ಹೋದ ಚಳಿಗಾಲದಲ್ಲಿ ಮಾವ ಹೋದರು. ಅದಾದ ಮೇಲೆ ನಾವು ನೋಡಲು ಹೋದ ಮೊದಲ ಸಿನಿಮಾ ಹೋದ ಭಾನುವಾರದ್ದು. ಮೊಬೈಲಿನಲ್ಲಿ ಬುಕ್ ಮಾಡುವಾಗ ಬೆರಳು ಅಭ್ಯಾಸದಂತೆ ಮೂರು ಸೀಟು ಒತ್ತಿತ್ತು. ಗೊತ್ತಾದದ್ದು ದುಡ್ಡು ಹೋದ ಮೇಲೆ. ಇವಳಿಗೆ ತೋರಿಸಿದೆ. "ಇರ್ಲಿ ಬಿಡಿ" ಅಂದಳು. ಓಡಾಡುವ ದಾರಿಯ ಪಕ್ಕದ ಸೀಟು ಅವಳ ಆಚೆಗೆ ಖಾಲಿ ಉಳಿಯಿತು. ಅದರ ಮೇಲೆ ನಾವು ಕರ್ಚೀಫು ಹಾಸಲಿಲ್ಲ.

ಇಂಟರ್‌ವೆಲ್ಲಿನಲ್ಲಿ ಮುಲಾಮಿನ ವಾಸನೆ ಎದ್ದು ಹತ್ತಿರ ಬಂತು. ಯಾರೋ ಹಿರಿಯರು, ಕುಂಟುತ್ತಿದ್ದರು. "ಈ ಸೀಟಿಗೆ ಯಾರಾರ ಬತ್ತಾರಾ ಸಾ? ಕಾಲ್ ಚಾಚ್ಕಬೇಕಿತ್ತು" ಅಂದರು.

ಇವಳು ಆ ಸೀಟನ್ನು ಒಮ್ಮೆ ಕೈಯಿಂದ ಸವರಿದಳು.

"ಇಲ್ಲ, ಯಾರೂ ಬರಲ್ಲ" ಅಂದಳು. "ಕೂತ್ಕೊಳಿ. ಟಿಕೆಟ್ ತಗೊಂಡಿದೀವಿ."

ದೀಪ ಆರಿತು, ಸಿನಿಮಾ ಶುರುವಾಯಿತು. ಇವಳು ಪರದೆಯನ್ನು ನೋಡಲಿಲ್ಲ. ಬಾಗಿಲ ಪಕ್ಕದ ಗೋಡೆಯ ಕಡೆಗೇ ನೋಡುತ್ತ ಕೂತಿದ್ದಳು.