ಜೋಡಿಸಿದ ಕಡಲಿನಲ್ಲಿ ಒಂದು ಕಾಲು

ಎಳ್ಳಮಾವಾಸ್ಯೆಯ ಮಧ್ಯಾಹ್ನ ಅಂಗಳದಲ್ಲಿ ಹರವಿದ್ದ ಕಾಫಿಯನ್ನು ಮಗುಚಿ ಹಾಕುತ್ತಿದ್ದೆ. ಮೇಲಿನ ಮನೆಯ ಅಕ್ಕ ಬೇಲಿಯ ಹತ್ತಿರ ಬಂದು, “ನಿಮ್ಮನೆಯವ್ರು ಯಾವ ಕಡಲಿಗೆ ಹೋಗಿದ್ದು ಮಾರಾಯ್ತಿ?” ಎಂದು ಕೇಳಿದರು.

ಊರು ಹೇಳಿದೆ. ಅವರ ಮುಖ ಸಣ್ಣದಾಯಿತು.

“ಅಲ್ಲೇ ಅಂತೆ. ಟೀವೀಲಿ ಬರ್ತಿದೆ. ಅಮಾಸೆ ಸ್ನಾನಕ್ಕೆ ಇಳಿದ ಒಬ್ರನ್ನ ಅಲೆ ಎಳ್ಕೊಂಡು ಹೋಯ್ತಂತೆ. ಘಟ್ಟದ ಮೇಲಿನವ್ರು ಅಂತಿದಾರೆ, ಹೆಸ್ರು ಹೇಳಿಲ್ಲ. ನಿಮ್ಮವ್ರಾಗಿರಲ್ಲ ಬಿಡು. ಒಂದು ಫೋನ್ ಮಾಡಿ ನೋಡು.”

ಎಳ್ಳಮಾವಾಸ್ಯೆಗೆ ಘಟ್ಟ ಇಳಿದು ಕಡಲಲ್ಲಿ ಮಿಂದು ಬರುವುದು ನಮ್ಮ ಮನೆಯ ವಾಡಿಕೆ. ಕೊಯ್ಲಿನ ಕಾಲವಾದ್ದರಿಂದ ಒಬ್ಬರಾದರೂ ಕಾಫಿ ಕಾಯಲು ಉಳಿಯಬೇಕು. ಈ ಸಲ ಅತ್ತೆಗೆ ಹೋಗುವ ಆಸೆ. ಅವರ ಕೈ ಹಿಡಿಯಲು ನನ್ನ ಮಗಳು ಬೇಕು, ಕಾರು ಓಡಿಸಲು ಗಂಡ ಬೇಕು. ಹಾಗಾಗಿ ನಾನು ಉಳಿದೆ. ಹೊರಡುವಾಗ ಮಗಳಿಗೆ, “ಕಡಲು ಪೂರ್ತಿ ಕಾಣೋ ಹಂಗೆ ಒಂದು ಫೋಟೋ ಕಳ್ಸೆ” ಎಂದಿದ್ದೆ.

ಗಂಡನಿಗೆ ಈಜು ಬಾರದು. ತೋಟದ ಹಳ್ಳ ದಾಟುವಾಗಲೂ ಕೋಲು ಊರಿ ಆಳ ನೋಡುವವರು.

ಅಂಗಳದ ತುದಿಗೆ ಓಡಿದೆ. ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅವರ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಮಗಳದ್ದು ಆಫ್ ಆಗಿತ್ತು. ಮತ್ತೆ ಮಾಡಿದೆ, ಮತ್ತೆ ಅದೇ.

ಬೆಳಿಗ್ಗೆ ಬಂದ ಫೋಟೋ ನೆನಪಾಗಿ ತೆಗೆದೆ. ಅದರ ಜೊತೆ ಮಗಳು ತನ್ನ ದನಿಯನ್ನೂ ಕಳಿಸಿದ್ದಳು: “ಅಮ್ಮ, ಕಡಲು ಒಂದು ಫೋಟೋದಲ್ಲಿ ಹಿಡಿಸಲ್ಲ. ತುಂಡು ತುಂಡು ತೆಗ್ದು ಜೋಡ್ಸಿದೀನಿ. ಫೋನ್ ಅಡ್ಡ ಹಿಡ್ಕೊಂಡು ನೋಡು.” ಬೆಳಿಗ್ಗೆ ಅಡ್ಡ ಹಿಡಿದು ಹಿಗ್ಗಿದ್ದೆ, ಅಷ್ಟು ಉದ್ದದ ನೀರು. ಈಗ ಬೆರಳಲ್ಲಿ ಹಿಗ್ಗಿಸಿ ಒಂದೊಂದೇ ಕಡೆ ನೋಡುತ್ತಾ ಹೋದೆ. ಈ ತುದಿಯಲ್ಲಿ ಒದ್ದೆ ಸೀರೆಯ ಅತ್ತೆ ಮರಳ ಮೇಲೆ ಕೂತಿದ್ದರು. ಆಮೇಲೆ ಬರೀ ನೀರು. ನಡುವೆ ಒಂದು ಕಡೆ ಅಲೆ ತಟಕ್ಕನೆ ಮುರಿದು, ಪಕ್ಕದಲ್ಲಿ ಸ್ವಲ್ಪ ಮೇಲಿನಿಂದ ಮುಂದುವರಿದಿತ್ತು. ಎರಡು ತುಂಡು ಸೇರಿದ ಜಾಗ. ಅಲ್ಲೊಂದು ಕಾಲು ಇತ್ತು. ಪಾದದ ಮೇಲೆ ಕಪ್ಪು ದಾರ. ಗಂಡನಿಗೆ ಆ ದಾರ ಕಟ್ಟಿದ್ದು ನಾನೇ. ಮೊಣಕಾಲಿನ ಮೇಲೆ ಮನುಷ್ಯನೇ ಇಲ್ಲ, ಕಡಲು.

ಅಕ್ಕ ಬೇಲಿ ದಾಟಿ ಬಂದು ನೋಡಿದರು. “ಫೋನಿನ ಕರಾಮತ್ತು ಇದು. ನಮ್ಮನೆ ಮದ್ವೆ ಫೋಟೋದಲ್ಲಿ ನಮ್ಮ ಮಾವಂಗೆ ಎರಡು ತಲೆ ಬಂದಿತ್ತು. ಒಂದರ ಬುದ್ಧಿನೇ ತಡ್ಕೊಳಕ್ಕಾಗ್ತಿರ್ಲಿಲ್ಲ ನಮಗೆ.”

ನನಗೆ ನಗು ಬರಲಿಲ್ಲ. ದಿನಾ ಸಂಜೆ ದೇವರು ಮಾಡಿದ ಉಪಕಾರಗಳನ್ನು ಎಣಿಸುವುದು ನನ್ನ ಅಭ್ಯಾಸ. ಆಗಲೂ ದೇವರಮನೆಯ ಭೈರವನನ್ನು ನೆನೆದು ಎಣಿಸತೊಡಗಿದೆ. ಅತ್ತೆ ದಡದಲ್ಲಿದ್ದಾರೆ, ಒಂದು. ಫೋಟೋ ತೆಗೆದವಳು ಮಗಳು, ಅಂದರೆ ಅವಳೂ ದಡದಲ್ಲೇ ಇದ್ದಳು, ಎರಡು. ಅಲ್ಲಿಗೆ ಬಾಯಿ ನಿಂತಿತು.

ಕೈಯಲ್ಲಿದ್ದ ಫೋನು ಕಿರುಚಿದಾಗ ಕಾಫಿಯ ಮೇಲೆ ಬೀಳಿಸಿ ಎತ್ತಿಕೊಂಡೆ.

“ಎಂತಕ್ಕೆ ಅಷ್ಟು ಸಲ ಮಾಡಿದ್ದು? ಫೋನ್ ಕಾರಲ್ಲಿತ್ತು. ಅಲ್ಲಿ ಮಳೆಗಿಳೆ ಬಂತಾ?”

ಅವರ ದನಿ. “ಫೋಟೋದಲ್ಲಿ ನಿಮ್ದು ಒಂದು ಕಾಲು ಬಿಟ್ರೆ ಬೇರೆ ಏನೂ ಇಲ್ಲ” ಎಂದೆ.

“ಓ, ಅದಾ? ನಿಂಗೆ ಕಡಲು ಪೂರ್ತಿ ಕಾಣ್ಬೇಕು ಅಂದಿದ್ಯಲ್ಲ. ಅವ್ಳು ಫೋನ್ ತಿರುಗಿಸ್ತಾ ಬಂದಂಗೆ, ನಾನ್ಯಾಕೆ ಅಡ್ಡ ಅಂತ ಆಚೆ ಓಡ್ದೆ. ಕಾಲು ಉಳ್ಕೊಂಡಿರ್ಬೇಕು.”

“ನೀರಿಗಿಳಿದ್ರಾ?”

“ಮೊಣಕಾಲಷ್ಟು. ಅಮ್ಮನೇ ಚೊಂಬಲ್ಲಿ ತಲೆ ಮೇಲೆ ಹೊಯ್ದ್ಲು.”

“ಟೀವೀಲಿ ಹೇಳ್ತಿರೋದು?”

“ನಮ್ಮ ಪಕ್ಕದಲ್ಲೇ ಮೀತಿದ್ರು ಪಾಪ. ಇನ್ನೂ ಸಿಕ್ಕಿಲ್ಲ. ಹೆಂಡ್ತಿ ದಡದಲ್ಲೇ ಕೂತಿದಾರೆ, ಅಮ್ಮ ಅವ್ರ ಕೈ ಹಿಡ್ಕೊಂಡಿದಾಳೆ. ಅವ್ರ ಕಡೆಯವ್ರು ಬರೋ ತನಕ ಬಿಟ್ಟು ಬರಕ್ಕಾಗಲ್ಲ. ತಡ ಆಗುತ್ತೆ.”

ವಿಷಯ ಹೇಳಿದಾಗ ಅಕ್ಕ ನನ್ನ ಬೆನ್ನು ಸವರಿ, “ದೇವ್ರು ದೊಡ್ಡವ್ನು” ಎಂದು ಮನೆಗೆ ಹೋದರು. ನಾನು ಒಳಗೆ ಹೋಗಿ ದೀಪ ಹಚ್ಚಿದೆ. ಕೈ ಮುಗಿದೆ, ಆದರೆ ಇದನ್ನು ಉಪಕಾರವೆಂದು ಹೇಳಲು ಹೆದರಿಕೆಯಾಯಿತು. ಹಾಗೆಂದರೆ ಅಲ್ಲಿ ಮರಳ ಮೇಲೆ ಕೂತ ಆ ಹೆಂಗಸಿಗೆ ಅದೇ ದೇವರು ಏನು ಮಾಡಿದ ಹಾಗಾಯಿತು? ಅವರಿಗಾಗಿಯೂ ಬೇಡಿಕೊಂಡೆ. ಏನೆಂದು ಬೇಡಬೇಕೋ ತಿಳಿಯದೆ, ಬೇಗ ಸಿಗಲಿ ಎಂದಷ್ಟೇ ಬೇಡಿದೆ.

ನಮ್ಮವರು ಇನ್ನು ಕತ್ತಲಲ್ಲಿ ಘಟ್ಟ ಹತ್ತಬೇಕು. ಆ ತಿರುವುಗಳು ಒಂದೊಂದೇ ಕಣ್ಣಿಗೆ ಬಂದವು. ಬಂದ ಮೇಲೆ ಮೈಯ ಉಪ್ಪು ತೊಳೆದುಕೊಳ್ಳಲು ಬಿಸಿನೀರು ಬೇಕಾಗುತ್ತದೆ. ಬಚ್ಚಲಿಗೆ ಹೋಗಿ ಹಂಡೆಗೆ ನೀರು ತುಂಬಿ, ಒಲೆಗೆ ಸೌದೆ ಒಟ್ಟಿದೆ.