ಮಾವ ಕಟ್ಟಿದ ಮುಂಡಾಸು

ಮೊನ್ನೆ ಉಡುಪಿಯ ಇಸ್ತ್ರಿ ಅಂಗಡಿಯ ಮುಂದೆ ನಿಂತಿದ್ದಾಗ, ಗಂಜಿ ಹಾಕಿದ ಬಟ್ಟೆ ಬಿಸಿಯಾದ ವಾಸನೆ ಮೂಗಿಗೆ ಬಡಿಯಿತು. ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾವ ನೆನಪಾದರು. ಸಂಬಂಧದಲ್ಲಿ ಮಾವ ಅಲ್ಲ, ಕರೆದು ಕರೆದು ಹಾಗಾದವರು.

ನಿವೃತ್ತರಾದ ಮೇಲೆ ಅವರಿಗೊಂದು ಹಟ ಹಿಡಿದಿತ್ತು. ತಮ್ಮ ಅಜ್ಜನ ಕಾಲದ ಯಕ್ಷಗಾನದ ಹಾಡುಗಾರಿಕೆಯನ್ನು ಹಾಗೆಯೇ ಕೇಳಿಸಬೇಕು. ಹಾರ್ಮೋನಿಯಂ ಇಲ್ಲ, ಮೈಕ್ ಇಲ್ಲ. ಶ್ರುತಿಗೆ ಸೋರೆಬುರುಡೆಯ ಪುಂಗಿ, ತಾಳಕ್ಕೆ ಜಾಗಟೆ, ಜೊತೆಗೆ ಮದ್ದಳೆ. ಹಾಡಿನ ಬೆನ್ನಿಗೆ ಗೇಣುದ್ದದ ಮುಖವೀಣೆ. ಅದನ್ನು ಊದುವವರು ಮಾವನೇ. ಗಂಜಿ ಹಾಕಿದ ಕಚ್ಚೆ, ಹೆಗಲಿಗೆ ಶಾಲು, ತಲೆಗೆ ಕೆಂಪು ಮುಂಡಾಸು. ವೇಷ ನೋಡಿ ಕೆಲವರು ನಕ್ಕರು...

ಮಣಿಪಾಲದ ಸಭಾಂಗಣವೊಂದರಲ್ಲಿ ಹಿಂದಿನ ಸಾಲಿಗೆ ಏನೂ ಕೇಳಿಸಲಿಲ್ಲ. ಸಂಘಟಕರು ಮೈಕ್ ತಂದರು. ಮಾವ ಕೈ ಅಡ್ಡ ಹಿಡಿದರು. “ಅದು ಬೇಡ. ಫ್ಯಾನ್ ನಿಲ್ಲಿಸಿ, ಎಲ್ಲರೂ ಹತ್ತಿರ ಬನ್ನಿ.” ಜನ ಕುರ್ಚಿ ಬಿಟ್ಟು ಬಂದು ವೇದಿಕೆಯ ಮೇಲೆಯೇ ಸುತ್ತ ಕುಳಿತರು. ಬೆವರುತ್ತಲೇ ಕೊನೆಯವರೆಗೆ ಕೇಳಿದರು.

ಸಂಜೆ ಕೆಲಸ ಮುಗಿಸಿ ಬಂದ ಮೇಲೆ ನಾನು ಅವರಲ್ಲಿ ಮುಖವೀಣೆ ಕಲಿಯುತ್ತಿದ್ದೆ. ವೇದಿಕೆ ಹತ್ತುವ ಆಸೆ ಇರಲಿಲ್ಲ. ತಪ್ಪಿದರೆ ಅವರು ಬೈಯುತ್ತಿರಲಿಲ್ಲ. ಹಲ್ಲುನೋವು ಬಂದವರ ಹಾಗೆ ಕಣ್ಣು ಮುಚ್ಚುತ್ತಿದ್ದರು, ಅಷ್ಟೆ.

ಕಾರ್ಕಳದ ಕಾರ್ಯಕ್ರಮಕ್ಕೆ ಕೆಲವೇ ವಾರಗಳಿರುವಾಗ ಒಂದು ಬೆಳಿಗ್ಗೆ ಅವರ ಬಾಯಿ ಒಂದು ಬದಿಗೆ ವಾಲಿತು. ಬಲಗೈಯೂ ಸೋತಿತು. ಆಸ್ಪತ್ರೆಯಿಂದ ಮರಳಿದವರೇ ಮುಖವೀಣೆಯನ್ನು ತುಟಿಗಿಟ್ಟರು. ಗಾಳಿ ಬದಿಯಿಂದ ಸೋರಿಹೋಯಿತು. ಮತ್ತೊಮ್ಮೆ ಇಟ್ಟರು... ಮಾವನ ಹೆಂಡತಿ, ನಮ್ಮೆಲ್ಲರ ಅತ್ತೆ, ನೋಡಲಾರದೆ ಒಳಗೆ ಹೋಗಿಬಿಟ್ಟರು. ಮಾವ ಅದನ್ನು ನನ್ನ ಮಡಿಲಿಗೆ ಹಾಕಿದರು.

“ನೀನು ಊದು ಮಗಾ.”

ಕಾರ್ಕಳದಲ್ಲಿ ನಾನು ಸೀರೆಯುಟ್ಟು ಸಿದ್ಧಳಾಗಿದ್ದೆ. ಮಾವ ಕಚ್ಚೆ, ಶಾಲು ಧರಿಸಿ ಬಂದಿದ್ದರು. ತಲೆ ಮಾತ್ರ ಬರಿದಾಗಿತ್ತು. ತಮ್ಮ ಮುಂಡಾಸಿನ ಬಟ್ಟೆಯ ತುದಿಯನ್ನು ಅತ್ತೆಗೆ ಹಿಡಿಯಲು ಕೊಟ್ಟು, ಎಡಗೈಯಿಂದ ನನ್ನ ತಲೆಗೆ ಸುತ್ತತೊಡಗಿದರು.

ಹಾಡುವ ಭಾಗವತರಿಗೆ ಸರಿಕಾಣಲಿಲ್ಲ. “ಹೆಂಗಸರಿಗೆ ಮುಂಡಾಸು ಎಂತಕ್ಕೆ?”

“ಒಳಗೆ ಯಾರ ತಲೆ ಉಂಟು ಅಂತ ಮುಂಡಾಸಿಗೆ ಎಂತ ಗೊತ್ತು ಮಾರಾಯ?” ಎಂದರು ಮಾವ, ತೊದಲುತ್ತಾ.

ಭಾಗವತರೇ ಮೊದಲು ನಕ್ಕರು.

ಭಾಗವತರು ಹಾಡಿದ ಮೊದಲ ಪದದಲ್ಲಿ ನನ್ನ ಸ್ವರ ಒಡೆಯಿತು. ಪಕ್ಕದಲ್ಲಿ ಕುಳಿತಿದ್ದ ಮಾವ ಕಣ್ಣು ಮುಚ್ಚಿದರು. ಎರಡನೆಯದರಲ್ಲಿ ಉಸಿರು ಹಿಡಿತಕ್ಕೆ ಬಂತು. ಮೂರನೆಯದರಲ್ಲಿ ಭಾಗವತರು ಪದವನ್ನು ಎತ್ತರಕ್ಕೆ ಒಯ್ದು ಬಿಟ್ಟರು. ಬಿಟ್ಟಲ್ಲಿಂದ ನಾನು ಹಿಡಿದೆ. ಓರೆಗಣ್ಣಿನಿಂದ ನೋಡಿದರೆ, ಮಾವನ ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಕಣ್ಣು ತೆರೆದಿತ್ತು, ತುಂಬಿತ್ತು.

ಮುಂದಿನ ಮಳೆಗಾಲ ಅವರು ನೋಡಲಿಲ್ಲ.

ನಾನು ಈಗಲೂ ಊದುತ್ತೇನೆ, ಅದೇ ಮುಂಡಾಸಿನಲ್ಲಿ. ಕೆಲವು ದಿನ ಸ್ವರ ಜಾರುತ್ತದೆ, ನನಗೆ ಗೊತ್ತಾಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಬಂದು ಚೆನ್ನಾಗಿತ್ತು ಎನ್ನುತ್ತಾರೆ. ಸ್ವರ ಜಾರಿದ ದಿನವೂ ಹಾಗೆಯೇ ಎನ್ನುತ್ತಾರೆ. ಹಲ್ಲುನೋವು ಬಂದವರ ಹಾಗೆ ಕಣ್ಣು ಮುಚ್ಚುವವರು ಈಗಿಲ್ಲ...