ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ಟ್ರಯಲ್ ಕಟ್

ಆ ಊರಲ್ಲಿ ಬೇಗ ಕತ್ತಲಾಗುತ್ತಲೇ ಇರಲಿಲ್ಲ. ನಮ್ಮ ಕಡೆ ಉಂಡು, ಪಾತ್ರೆ ತೊಳೆದು, ಬಾಗಿಲು ಹಾಕಿಕೊಳ್ಳುವ ಹೊತ್ತಿಗೂ ಅಲ್ಲಿನ ಆಕಾಶದಲ್ಲಿ ನೀರು ಮಜ್ಜಿಗೆಯಂಥ ಒಂದು ತೆಳು ಬೆಳಕು ಉಳಿದಿರುತ್ತಿತ್ತು. ಎಂಬತ್ತರ ದಶಕದ ನಡುವಿನ ಒಂದು ಜೂನ್ ತಿಂಗಳು. ಆಮ್‌ಸ್ಟರ್‌ಡ್ಯಾಮ್. ಈಗ ನೆನೆಸಿಕೊಂಡರೆ ನಿಜವಾಗಿ ಹೋಗಿದ್ದೆನೋ, ಇಲ್ಲ ಸೆಕೆಂಡ್ ಶಿಫ್ಟ್ ಮುಗಿಸಿ ಬಸ್ಸಿನ ಕಂಬಿಗೆ ಒರಗಿ ತೂಕಡಿಸುವಾಗ ಕಂಡ ಕನಸೋ ಎಂದು ಅನುಮಾನವಾಗುತ್ತದೆ. ಅನುಮಾನ ಬಂದಾಗಲೆಲ್ಲ ಸಿಟ್ಟೂ ಬರುತ್ತದೆ. ಯಾಕ್ರೀ ಕನಸಾಗಬೇಕು? ಹೋಗಿದ್ದೆವು. ನಾವಿಬ್ಬರೂ ಹೋಗಿದ್ದೆವು.

ಇಬ್ಬರು ಅಂದರೆ ನಾನು ಮತ್ತು ಅವನು. ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ನಮ್ಮ ಮಷೀನುಗಳು ಅಕ್ಕಪಕ್ಕ. ಅವನು ಚಿಕ್ಕಬಾಣಾವರದವನು, ಸ್ಟೇಷನ್ನಿನ ಆಚೆ ರಾಗಿ ಹೊಲ ಇದ್ದ ಮನೆ. ನಾನು ಜಾಲಹಳ್ಳಿ ಕ್ರಾಸಿನ ಹತ್ತಿರ ಒಂದು ಬಾಡಿಗೆ ರೂಮಿನಲ್ಲಿದ್ದೆ. ವಾರದಲ್ಲಿ ಮುಕ್ಕಾಲು ಪಾಲು ಅವನ ವಾಸವೂ ಅಲ್ಲೇ. "ಶಿಫ್ಟ್ ಲೇಟಾಯ್ತು, ಬಸ್ ಸಿಗ್ಲಿಲ್ಲ" ಎಂದರೆ ಮುಗಿಯಿತು, ಯಾರೂ ಮುಂದೆ ಕೇಳುತ್ತಿರಲಿಲ್ಲ. ಸೈರನ್ ಆದ ಮೇಲೆ ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡು ಬಸ್ ಸ್ಟಾಪಿನವರೆಗೆ ನಡೆಯುತ್ತಿದ್ದೆವು. ನಾವೇನು, ಅರ್ಧ ಪೀಣ್ಯವೇ ಹಾಗೆ ನಡೆಯುತ್ತಿತ್ತು. ಗಂಡಸರು ಗಂಡಸರ ಕೈ ಹಿಡಿದು, ಹೆಗಲ ಮೇಲೆ ಕೈ ಹಾಕಿ, ಕಡಲೆಕಾಯಿ ತಿನ್ನುತ್ತಾ. ಅದರಲ್ಲಿ ಯಾರು ಬರೀ ಸ್ನೇಹಿತರು, ಯಾರು ನಮ್ಮಂಥವರು ಎಂದು ಆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಬಚ್ಚಿಟ್ಟುಕೊಳ್ಳುವುದಕ್ಕೆ ನಡುರಸ್ತೆಯಷ್ಟು ಒಳ್ಳೆಯ ಜಾಗ ಇನ್ನೊಂದಿರಲಿಲ್ಲ.

ಕಾರ್ಖಾನೆಯವರು ಜರ್ಮನಿಯಿಂದ ಹೊಸ ಗ್ರೈಂಡಿಂಗ್ ಮಷೀನು ತರಿಸುವವರಿದ್ದರು. ಅದನ್ನು ಕಲಿತು ಬನ್ನಿ ಎಂದು ನಮ್ಮಿಬ್ಬರನ್ನು ಕಳಿಸಿದರು. ಟ್ರೈನಿಂಗ್ ಆದದ್ದು ಜರ್ಮನಿಯ ಒಂದು ಸಣ್ಣ ಊರಿನಲ್ಲಿ, ಆದರೆ ವಾಪಸು ಬರುವ ವಿಮಾನ ಇದ್ದದ್ದು ಆಮ್‌ಸ್ಟರ್‌ಡ್ಯಾಮಿನಿಂದ. ನಡುವೆ ಒಂದೆರಡು ದಿನ ಬಿಡುವು ಸಿಕ್ಕಿತು. "ಮ್ಯೂಸಿಯಂ ಗೀಸಿಯಂ ನೋಡ್ಕೊಂಡ್ ಬನ್ರಯ್ಯಾ, ಮತ್ತೆ ಈ ಜನ್ಮದಲ್ಲಿ ಹೋಗ್ತೀರೋ ಇಲ್ವೋ" ಎಂದು ಹೊರಡುವಾಗಲೇ ಮ್ಯಾನೇಜರು ಹೇಳಿದ್ದರು.

ಹೊರಡುವ ಮೊದಲೇ ಇನ್ನೊಂದು ಮಾತೂ ಆಗಿತ್ತು. ಅವನ ಅವ್ವ ನೆಲಮಂಗಲದ ಕಡೆ ಒಂದು ಹೆಣ್ಣು ನೋಡಿಟ್ಟಿದ್ದರು. ಅಪ್ಪ ತೀರಿಕೊಂಡ ಮನೆ, ಅಲ್ಲಿ ಅವ್ವನದೇ ಮಾತು. "ನೀನು ಪಾರಿನ್ನಿಂದ ಬಂದ್ ವಾರ್ದಲ್ಲೇ ಅವರ್ನ ಕರೆಸ್ತೀನಿ, ಒಪ್ಕಂಡ್ಬುಡು" ಎಂದಿದ್ದರಂತೆ. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವನು ಹೂಂ ಅಂದರೆ ನನ್ನ ಬಾಳು ಅಲ್ಲಿಗೆ ಮುಗಿಯಿತು. ಏನು ಮಾಡ್ತೀಯೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ಕೇಳಲಾಗದೆ ಸೋಪಿಗೆ, ಸಾಕ್ಸಿಗೆ, ಟೀಗೆ ಸಕ್ಕರೆ ಹೆಚ್ಚಾಯಿತೆಂದು, ಎಲ್ಲದಕ್ಕೂ ಜಗಳ ತೆಗೆಯುತ್ತಿದ್ದೆ. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ.

ಆಮ್‌ಸ್ಟರ್‌ಡ್ಯಾಮಿನ ಸ್ಟೇಷನ್ನಿನಿಂದ ಹೊರಗೆ ಬಂದೆವು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯ ಕಿರುಬೆರಳು ಅಭ್ಯಾಸಬಲದಿಂದ ಅವನ ಕಿರುಬೆರಳಿಗೆ. ಪೀಣ್ಯದಲ್ಲಿ ನಡೆದ ಹಾಗೇ ನಡೆದೆವು. ಹೂವು ಮಾರುತ್ತಿದ್ದ ಒಬ್ಬ ಹೆಂಗಸು ನಮ್ಮ ಕೈ ನೋಡಿದಳು, ಮುಖ ನೋಡಿದಳು, ನಕ್ಕಳು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಯುವಕ ಕೈಬೀಸಿದ. ಆ ದೇಶದಲ್ಲಿ ಗಂಡಸರು ಸುಮ್ಮಸುಮ್ಮನೆ ಕೈಹಿಡಿದು ನಡೆಯುವುದಿಲ್ಲ, ನಡೆದರೆ ಅದಕ್ಕೆ ಒಂದೇ ಅರ್ಥ ಎಂದು ಆಗ ಹೊಳೆಯಿತು. ಊರಲ್ಲಿ ವರ್ಷಗಟ್ಟಲೆ ಸಾವಿರಾರು ಜನರ ಎದುರು ನಡೆದರೂ ಸಿಕ್ಕಿಬೀಳದವರು ಇಲ್ಲಿ ಕಾಲಿಟ್ಟ ಗಳಿಗೆಗೇ ಸಿಕ್ಕಿಬಿದ್ದಿದ್ದೆವು! ಬಿಸಿ ಕಬ್ಬಿಣ ಮುಟ್ಟಿದವನಂತೆ ಕೈ ಎಳೆದುಕೊಂಡೆ.

"ಯಾಕೋ?" ಎಂದ ಅವನು.

"ನೋಡ್ತಾವ್ರೆ ಕಣೋ."

"ನೋಡ್ಲಿ ಬಿಡು ಗುರು. ನಕ್ರು ತಾನೆ, ಹೊಡೆದ್ರಾ?"

ನನಗೆ ಅಷ್ಟು ಧೈರ್ಯ ಎಲ್ಲಿ ಬರಬೇಕು. ಕಾಲುವೆಯ ದಂಡೆಯ ಮೇಲಿದ್ದ ಒಂದು ಸಣ್ಣ ಹೋಟೆಲಿಗೆ ಹೋದೆವು. ಅದನ್ನು ನಡೆಸುತ್ತಿದ್ದ ವಯಸ್ಸಾದ ಹೆಂಗಸು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಒಂದೇ ದೊಡ್ಡ ಮಂಚ ಇರುವ ರೂಮು ಕಾಲುವೆಯ ಕಡೆಗಿದೆ, ಚೆನ್ನಾಗಿದೆ ಎಂದಳು. ಮೆಜೆಸ್ಟಿಕ್ಕಿನ ಲಾಡ್ಜುಗಳಲ್ಲಿ ಇಬ್ಬರು ಗಂಡಸರು ಒಂದು ಮಂಚದ ಮೇಲೆ ಮಲಗಿದರೆ ಕೇಳುವವರಿಲ್ಲ. ಆದರೆ ಇವಳಿಗೆ ಗೊತ್ತಾಗಿಬಿಟ್ಟಿದೆ ಎಂದು ನಾನು ಬೆವೆತುಹೋದೆ. "ನೋ, ನೋ! ಬ್ರದರ್ಸ್! ಟೂ ಬೆಡ್ಸ್!" ಎಂದು ಕೂಗಿಯೇಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗಾಯಿತು ನನ್ನ ಕತೆ. ಪಾಪ, ಅವಳು ಏನನ್ನೂ ಕೇಳಿರಲೇ ಇಲ್ಲ.

ಸಿಕ್ಕಿದ್ದು ಅಟ್ಟದ ಮೇಲಿನ ರೂಮು. ಮಂಚಗಳು ಆ ಗೋಡೆಗೊಂದು, ಈ ಗೋಡೆಗೊಂದು. ನಡುವೆ ಚಿಮಣಿಯ ಇಟ್ಟಿಗೆ ಕಂಬ. ಅವನು ತನ್ನ ಮಂಚದ ಮೇಲೆ ಅಂಗಾತ ಬಿದ್ದುಕೊಂಡು ಹೊಟ್ಟೆ ಹಿಡಿದು ನಕ್ಕ.

"ಅಲ್ಲಯ್ಯಾ ಅಣ್ಣಯ್ಯಾ, ಸಮುದ್ರ ದಾಟಿ ಬಂದು ಬೇರೆ ಬೇರೆ ಮಲಗೋ ಹಂಗಾಯ್ತಲ್ಲೋ! ಜಾಲಹಳ್ಳಿ ರೂಮೇ ವಾಸಿ ಇತ್ತು."

"ಬಾಯ್ಮುಚ್ಕೊಂಡು ಮಲ್ಕೋ" ಎಂದೆ. ನನಗೂ ನಗು ಬಂತು, ಗೋಡೆಯ ಕಡೆ ತಿರುಗಿ ನಕ್ಕೆ.

ಮಾರನೆಯ ದಿನ ಊರು ಸುತ್ತಿದೆವು. ನೀರು, ಸೇತುವೆ, ಮತ್ತೆ ನೀರು. ಒಂದು ಬೀದಿಯಿಂದ ಇನ್ನೊಂದಕ್ಕೆ ತಿರುಗಿದರೆ ಬಿಟ್ಟುಬಂದ ಬೀದಿಗೇ ಮತ್ತೆ ಬಂದ ಹಾಗೆ. ಎಲ್ಲೋ ಮೇಲೆ ಗಂಟೆಗಳು ಹಾಡಿನ ಹಾಗೆ ಬಾರಿಸುತ್ತಿದ್ದವು, ಎಲ್ಲಿಂದ ಎಂದು ಕೊನೆಗೂ ತಿಳಿಯಲಿಲ್ಲ. ಇಕ್ಕಟ್ಟಾದ ಎತ್ತರದ ಮನೆಗಳು ಒಂದರ ಹೆಗಲಿಗೆ ಒಂದು ಒರಗಿಕೊಂಡು, ಕೆಲವು ಬೀದಿಗೆ ಬಾಗಿಕೊಂಡು ನಿಂತಿದ್ದವು. ಅವನು ಒಂದು ಕಣ್ಣು ಮುಚ್ಚಿ, ಗಾರೆಯವನು ತೂಗುಗುಂಡು ಹಿಡಿದಂತೆ ಕೈ ಇಳಿಬಿಟ್ಟು ನೋಡಿದ. "ಏನ್ ಮಗಾ ಇದು, ಒಂದೂ ನೆಟ್ಟಗಿಲ್ಲ. ನಮ್ ಇನ್‌ಸ್ಪೆಕ್ಷನ್‌ನವರು ಬಂದ್ರೆ ಇಡೀ ಊರನ್ನೇ ರಿಜೆಕ್ಟ್ ಮಾಡ್ತಾರೆ!"

"ಆದ್ರೂ ನಿಂತಿವೆಯಲ್ಲೋ" ಎಂದೆ.

"ಅದೇ ನಾನೂ ನೋಡ್ತಿರೋದು. ಹೆಂಗ್ ನಿಂತಿವೆ ಅಂತ."

ಮ್ಯೂಸಿಯಮ್ಮಿನಲ್ಲಿ ಹಳೆಯ ಚಿತ್ರಗಳ ಮುಂದೆ ನಿಂತೆವು. ಒಂದರಲ್ಲಿ ಯಾರೋ ಒಬ್ಬಳು ಕಿಟಕಿಯ ಬಳಿ ಹಾಲು ಬಗ್ಗಿಸುತ್ತಿದ್ದಳು. ಕಾಲು ನೋವೆಂದು ಬೆಂಚಿನ ಮೇಲೆ ಕೂತವನು ಹಾಗೇ ನಿದ್ದೆ ಹೋದೆ. ಎಚ್ಚರವಾದಾಗ ನನ್ನ ತಲೆ ಅವನ ಭುಜದ ಮೇಲಿತ್ತು. ಅವನು ಅಲುಗದೆ ಕೂತಿದ್ದ. ಆ ಸುಖಕ್ಕೆ ನನಗೆ ಕಣ್ಣೀರು ಬಂತು, ಮುಂದಿನ ವಾರ ನೆನಪಾಗಿ ಇನ್ನಷ್ಟು ಬಂತು.

ಆ ಸಂಜೆ ಕಾಲುವೆಯಾಚೆಯ ಒಂದು ಬಾಗಿಲಿನಿಂದ ಹಾಡು ಕೇಳಿಸಿತು. ಬಾಗಿಲು ಹಾರುಹೊಡೆದಿತ್ತು. ಒಳಗೆ ಗಂಡಸರು ಗಂಡಸರ ಜೊತೆ ಕುಣಿಯುತ್ತಿದ್ದರು. ಆ ಸಾಯದ ಬೆಳಕು ನೀರಿನ ಮೇಲೆ ಬಿದ್ದು ಅವರ ಮುಖಗಳ ಮೇಲೆ ಅಲ್ಲಾಡುತ್ತಿತ್ತು. ಈಚೆ ದಂಡೆಯ ಮೇಲೆ ನಿಂತು ನಾವು ನೋಡಿಯೇ ನೋಡಿದೆವು. ಒಬ್ಬ ಬೊಕ್ಕತಲೆಯವನು ಇನ್ನೊಬ್ಬನ ಕಾಲರು ಸರಿಮಾಡಿದ. ಬರೀ ಅಷ್ಟೇ.

"ಒಳಗ್ ಹೋಗೋಣ" ಎಂದ ಅವನು.

"ತಲೆ ಕೆಟ್ಟಿದ್ಯೇನೋ ನಿಂಗೆ?"

"ಅವ್ವಂಗೆ ಹೇಳ್ಬೇಕು ಕಣೋ. ಊರಿಗ್ ಹೋದ್ ವಾರದಲ್ಲೇ ಹೇಳ್ಬೇಕು. ಇಲ್ಲೀವರೆಗೂ ಒಂದ್ಸಲಾನೂ ಬಾಯ್ಬಿಟ್ಟು ಹೇಳಿಲ್ಲ ನಾನು, ಯಾರಿಗೂ. ನಾಲಿಗೆ ಹೊರಳುತ್ತೋ ಇಲ್ವೋ ಗೊತ್ತಿಲ್ಲ." ಆ ಬಾಗಿಲಿನ ಕಡೆ ಕೈ ತೋರಿಸಿ ಹೇಳಿದ: "ಜಾಬ್ ಮೇಲೆ ಕೈಯಿಡೋಕ್ ಮುಂಚೆ ಸ್ಕ್ರ್ಯಾಪ್ ಮೇಲೆ ಟ್ರಯಲ್ ಕಟ್ ತಗೋತೀವಲ್ಲ? ಇಲ್ಲೊಂದ್ ತಗೋತೀನಿ."

ಟೂಲ್ ರೂಮಿನವರ ಬುದ್ಧಿ ಅದು. ಒಳ್ಳೆಯ ಕಬ್ಬಿಣ ಕೆಡಬಾರದೆಂದು ಮೊದಲು ಕೆಲಸಕ್ಕೆ ಬಾರದ ತುಂಡಿನ ಮೇಲೆ ಕೊರೆದು ನೋಡುವುದು. ಅಂದರೆ ಅವನು ಮದುವೆಗೆ ಒಪ್ಪುವುದಿಲ್ಲ! ಇಷ್ಟು ದಿನ ನಾನು ಕೇಳಲು ಹೆದರಿದ್ದಕ್ಕೆ ಉತ್ತರ ಸಿಕ್ಕಿತ್ತು. ಕುಣಿದಾಡುವುದು ಬಿಟ್ಟು ನಾನು ಅವನ ಮೇಲೆ ರೇಗಿದೆ. "ಇದನ್ನ ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ? ಒಳ್ಳೇ ಕಲ್ಲುಗುಂಡು!" ಅವನು ನನ್ನ ಕಿರುಬೆರಳು ಹಿಡಿದುಕೊಂಡು ಸೇತುವೆ ದಾಟಿಸಿದ.

ಗಲ್ಲಾದ ಹಿಂದೆ ನರೆತ ಮೀಸೆಯ ಒಬ್ಬ ದೊಡ್ಡ ಆಳು ಬಿಯರು ತುಂಬುತ್ತಿದ್ದ. ಯಾವ ದೇಶ, ಯಾವಾಗ ಬಂದಿರಿ ಎಂದು ವಿಚಾರಿಸಿ, ನನ್ನ ಕಡೆ ಕೈ ತೋರಿಸಿ, ಇವರು ನಿಮಗೇನಾಗಬೇಕು ಎಂದು ಅವನನ್ನು ಇಂಗ್ಲಿಷಿನಲ್ಲಿ ಕೇಳಿದ. ಅವನು "ಹಿ ಈಸ್ ಮೈ..." ಎಂದು ನಿಂತುಬಿಟ್ಟ. ನಮಗಿದ್ದದ್ದು ಶಾಪ್ ಫ್ಲೋರಿನ ಇಂಗ್ಲಿಷು. ಫ್ರೆಂಡ್ ಎಂದರೆ ಸಾಲದು, ಬ್ರದರ್ ಎಂದರೆ ಸುಳ್ಳು. ಅವನ ಕೊರಳಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಕೊನೆಗೆ ಅಚ್ಚ ಕನ್ನಡದಲ್ಲಿ ಹೇಳಿದ: "ಇವ್ರು ನಮ್ಮನೆಯವ್ರು."

ಅವನ ಅವ್ವ ತೀರಿಹೋದ ಗಂಡನ ಬಗ್ಗೆ ಮಾತಾಡುವಾಗ ಹೇಳುತ್ತಿದ್ದದ್ದೂ ಅದೇ ಮಾತು. ಗಲ್ಲಾದವನಿಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ತಲೆಯಾಡಿಸಿ ಎರಡು ಗ್ಲಾಸು ಮುಂದಿಟ್ಟ. ನಾನು ಗ್ಲಾಸು ಎತ್ತಿಕೊಂಡು ಒಂದೇ ಗುಟುಕಿಗೆ ಅರ್ಧ ಖಾಲಿ ಮಾಡಿದೆ. ಅಷ್ಟು ವರ್ಷಗಳಲ್ಲಿ ಅವನು ನನಗೆ ಬಹುವಚನ ಹಚ್ಚಿದ್ದು ಅದೊಂದೇ ಸಲ.

ಆಮೇಲೆ ಕುಣಿದೆವು. ಅವರ ಕುಣಿತ ನಮಗೆಲ್ಲಿ ಬರಬೇಕು? ಗಣೇಶನನ್ನು ಕೆರೆಗೆ ಬಿಡಲು ಹೋಗುವಾಗ ತಮಟೆ ಏಟಿಗೆ ಹಾಕುವ ಹೆಜ್ಜೆಯನ್ನೇ ಹಾಕಿದೆವು, ಮಂಡಿ ಬಗ್ಗಿಸಿ, ಕೈ ಮೇಲೆತ್ತಿ. ಸುತ್ತ ಇದ್ದವರು ಮೊದಲು ಜಾಗ ಬಿಟ್ಟರು, ಆಮೇಲೆ ಕಲಿತುಕೊಂಡರು. ಆ ಬೊಕ್ಕತಲೆಯವನಂತೂ ಚಿಕ್ಕಬಾಣಾವರದಲ್ಲೇ ಹುಟ್ಟಿದವನ ಹಾಗೆ ಕುಣಿದ. ಹೊರಗೆ ಬಂದಾಗ ದೀಪಗಳೆಲ್ಲ ನೀರಿನೊಳಗೆ ಇಳಿದುಹೋಗಿದ್ದವು. ಕೈ ಹಿಡಿದುಕೊಂಡೇ ಹೋಟೆಲಿಗೆ ನಡೆದೆವು. ಎದುರು ಬಂದವರು ನೋಡಿದರು. ನೋಡಲಿ ಎಂದೇ ನಾನು ನಿಧಾನ ಮಾಡಿದೆ, ನೋಡಿಸಿಕೊಳ್ಳುವುದರಲ್ಲಿ ಇಷ್ಟು ಸೊಗಸಿದೆ ಎಂದು ಯಾರಿಗೆ ಗೊತ್ತಿತ್ತು!

ಊರಿಗೆ ಬಂದು ಎರಡೇ ದಿನಕ್ಕೆ ನನ್ನನ್ನೂ ಚಿಕ್ಕಬಾಣಾವರಕ್ಕೆ ಎಳೆದುಕೊಂಡು ಹೋದ. "ನೀನ್ ಬರ್ಲೇಬೇಕು, ಪಕ್ಕದಲ್ಲಿ ಕೂತಿರು, ಸಾಕು" ಎಂದ. ಬಿಸಿಲು ಇಳಿಯುವ ಹೊತ್ತು. ಅವ್ವ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ನನಗೆ ಮಜ್ಜಿಗೆ ಕೊಟ್ಟರು. ವಿಮಾನದಲ್ಲಿ ಮುದ್ದೆ ಕೊಡ್ತಾರಾ ಎಂದು ಕೇಳಿ ತಾವೇ ನಕ್ಕರು. ಆಮೇಲೆ ಮಗನ ಕಡೆ ತಿರುಗಿ, "ನಾಳೀಕೆ ಅವ್ರು ಬತ್ತಾವ್ರೆ. ಏನಂತ ಏಳ್ಲಪ್ಪಾ?" ಎಂದರು.

ಅವನು ಹೇಳಿದ. ತಡವರಿಸದೆ ಹೇಳಿದ. "ನಾನು ಮದ್ವೆ ಆಗಲ್ಲ ಅವ್ವಾ. ನನ್ ಬಾಳ್ವೆ ಇವನ್ ಜೊತೆ. ಗಂಡ ಹೆಂಡ್ತಿ ಹೆಂಗಿರ್ತಾರೋ ಹಂಗೇ ಇದೀವಿ ನಾವು."

ಮೊರ ನಿಂತಿತು. ಅವ್ವ ನನ್ನ ಕಡೆ ನೋಡಲಿಲ್ಲ. ಸ್ಟೇಷನ್ನಿನ ಕಡೆ ಒಂದು ಗೂಡ್ಸು ಗಾಡಿ ಹೋಗುತ್ತಿದ್ದಾಗ ಅವರು ಮೊರದ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದರು.

"ನಂಗೊತ್ತಿತ್ತು ಕಣ್ಲಾ" ಎಂದರು ಆಮೇಲೆ. "ಎತ್ ತಾಯಿಗೆ ಗೊತ್ತಾಗಾಕಿಲ್ವಾ? ನೀನು ಏಳ್ದೆ ಇದ್ದಿದ್ರೆ ನಾನೂ ಗೊತ್ತಿಲ್ದಂಗೇ ಇದ್ದು ಮಣ್ಣಿಗೋಗ್ತಿದ್ದೆ. ಈಗ ಬಾಯ್ಬುಟ್ಟು ಏಳ್ಬುಟ್ಟೆ. ಈಗ್ ನಾನೇನ್ಲಾ ಮಾಡ್ಲಿ?"

ಸೆರಗು ಬಾಯಿಗೊತ್ತಿಕೊಂಡು ಅತ್ತರು. ಸ್ಕ್ರ್ಯಾಪ್ ತುಂಡು ಅಳುವುದಿಲ್ಲ, ಅದಕ್ಕೇ ಅದರ ಮೇಲೆ ಕೊರೆಯುವುದು ಸುಲಭ. ಅವನು ಅವ್ವನ ಮಂಡಿ ಹಿಡಿದುಕೊಂಡ, ಅವರು ಬಿಡಿಸಿಕೊಳ್ಳಲಿಲ್ಲ, ತಲೆ ಸವರಲೂ ಇಲ್ಲ. ಎದ್ದು ಹೋಗಿಬಿಡಲೇ ಎಂದು ನಾನು ಚಪ್ಪಲಿ ಹುಡುಕುತ್ತಿದ್ದೆ.

"ಕೂತ್ಕೋ" ಎಂದರು ಅವ್ವ, ಮೊದಲ ಸಲ ನನ್ನ ಮುಖ ನೋಡಿ. ಮುಖ ಒರೆಸಿಕೊಂಡು ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡರು. "ನಾಳೀಕೆ ಅವ್ರು ಬರೋವತ್ಗೆ ನೀವಿಬ್ರೂ ಇಲ್ಲಿರ್ಬ್ಯಾಡಿ. ನಾನೇ ಮಾತಾಡ್ತೀನಿ."

"ಏನಂತ ಹೇಳ್ತೀಯವ್ವಾ?" ಎಂದ ಅವನು.

"ಏನೋ ಒಂದ್ ಸುಳ್ಳೇಳ್ತೀನಿ. ಊರ್ನೋರ್ಗೆಲ್ಲ ಯಾಕ್ಲಾ ನಿಜ? ಅದು ನನ್ನತ್ರ ಇರ್ಲಿ."